ದನಿ ಏರಿಸದೆ ಹಾಡಿದವರಿಗಾಗಿ ಒಂದು ನಿವೇದನೆ

ಒಡೆಯಾ, ಇವತ್ತು ನಿನ್ನ ಮುಂದೆ ಹೂವು ಹಣ್ಣು ಇಡುತ್ತಿಲ್ಲ. ವಯಸ್ಸಾದ ಒಬ್ಬರು ತಾವೊಬ್ಬರೇ ಕೂತು, ಮರದ ಗಿಟಾರೊಂದನ್ನು ತೊಡೆಯ ಮೇಲಿಟ್ಟುಕೊಂಡು ಹಾಡಿದ ಹನ್ನೆರಡು ಹಾಡುಗಳನ್ನು ಇಡುತ್ತಿದ್ದೇನೆ. ಆಲ್ಬಂನ ಹೆಸರು ‘ಟುಡೇ!’. ವ್ಯಾನ್‌ಗಾರ್ಡ್ ಕಂಪನಿ ಅದನ್ನು ಹೊರತಂದದ್ದು 1966ರಲ್ಲಿ. ಹಾಡಿದವರು ಅಮೆರಿಕದ ಮಿಸ್ಸಿಸ್ಸಿಪ್ಪಿ ರಾಜ್ಯದ ಅವಲಾನ್ ಎಂಬ ಪುಟ್ಟ ಊರಿನ ಜಾನ್ ಹರ್ಟ್. ಲೋಕ ಅವರನ್ನು ಮಿಸ್ಸಿಸ್ಸಿಪ್ಪಿ ಜಾನ್ ಹರ್ಟ್ ಎಂದು ಕರೆಯುತ್ತದೆ. ಆ ‘ಮಿಸ್ಸಿಸ್ಸಿಪ್ಪಿ’ಯನ್ನು ಇಟ್ಟವರು ಹೆತ್ತವರಲ್ಲ, ರೆಕಾರ್ಡು ಚೆನ್ನಾಗಿ ಮಾರಾಟವಾಗಲಿ ಎಂದು ಕಂಪನಿಯವರು ಹಚ್ಚಿದ್ದು ಅದು. ನಿನ್ನ ಲೆಕ್ಕದಲ್ಲಿ ಅವರು ಬರೀ ಜಾನ್ ಆಗಿರಬೇಕು.

ಕೈ ಮುಗಿಯಲು ಬಂದಿದ್ದೇನೆ. ಜೊತೆಗೆ ನಿನ್ನ ಮೇಲೊಂದು ದೂರೂ ಇದೆ. ಕೈ ಮುಗಿಯುವ ಭರದಲ್ಲಿ ದೂರನ್ನು ನುಂಗಿಕೊಂಡರೆ ಅದು ಆ ಹಾಡುಗಾರರಿಗೆ ಬಗೆದ ದ್ರೋಹ. ಆದ್ದರಿಂದ ಎರಡನ್ನೂ ಕೇಳಿಸಿಕೋ.

ಮೊದಲು ಆ ಬಲಗೈ ಹೆಬ್ಬೆರಳಿಗಾಗಿ ನಿನಗೆ ಶರಣು. ಕೇಳಿದ್ದೀಯಲ್ಲ, ಅದು ದಪ್ಪ ತಂತಿಗಳ ಮೇಲೆ ಒಂದು ಬಿಟ್ಟು ಒಂದರಂತೆ ಅದಲುಬದಲಾಗಿ ಬೀಳುತ್ತಾ ಹೋಗುತ್ತದೆ. ಹಾಡಿನಲ್ಲಿ ಕೊಲೆಯಾಗಲಿ, ಪ್ರೀತಿಯಾಗಲಿ, ರೈಲು ಅಪಘಾತವಾಗಲಿ, ಅದರ ನಡೆ ತಪ್ಪುವುದಿಲ್ಲ. ಸಂಜೆ ಹೊತ್ತು ದಾರಿ ಬಲ್ಲ ಎತ್ತು ಯಾರೂ ಹೊಡೆಯದೆಯೇ ಗಾಡಿಯನ್ನು ಮನೆಗೆ ಎಳೆದುಕೊಂಡು ಬರುವ ಹಾಗೆ ಅದರ ಹೆಜ್ಜೆ. ತೋರುಬೆರಳು, ನಡುಬೆರಳು ಎರಡೂ ತೆಳು ತಂತಿಗಳ ಮೇಲೆ ಹಾಡಿನ ಧಾಟಿಯನ್ನು ನುಡಿಸುತ್ತವೆ. ಅವು ಹೆಬ್ಬೆರಳಿನ ಪೆಟ್ಟಿನ ಮೇಲೆ ಸರಿಯಾಗಿ ಬೀಳುವುದು ಅಪರೂಪ. ಒಂದಿಷ್ಟು ಮುಂಚೆ ಬರುತ್ತವೆ, ಇಲ್ಲವೇ ಒಂದಿಷ್ಟು ತಡೆದು ಬರುತ್ತವೆ. ಆ ಸಂದಿನಲ್ಲಿ ಹಾಡು ಉಸಿರಾಡುತ್ತದೆ. ಮೊದಲ ಸಲ ಕೇಳುವವರಿಗೆ ಇಬ್ಬರು ಕೂತು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಇರುವುದು ಒಂದೇ ಕೈ, ಮೂರೇ ಬೆರಳು.

ಇದನ್ನು ಅವರಿಗೆ ಯಾವ ಗುರುವೂ ಹೇಳಿಕೊಟ್ಟಿರಲಿಲ್ಲ. ಒಂಬತ್ತರ ಆಸುಪಾಸಿನ ಹುಡುಗ. ತಾಯಿಯ ಪರಿಚಯದವರೊಬ್ಬರು ಆಗಾಗ ಬಂದು ಮನೆಯಲ್ಲಿ ತಂಗುತ್ತಿದ್ದರು, ಅವರ ಹತ್ತಿರ ಗಿಟಾರ್ ಇತ್ತು. ಅದನ್ನು ಗುಟ್ಟಾಗಿ ಎತ್ತಿಕೊಂಡು ಹುಡುಗ ನುಡಿಸಿ ನೋಡುತ್ತಿದ್ದ. ಸದ್ದಾದರೆ ಸಿಕ್ಕಿಬೀಳಬೇಕಾಗಿದ್ದ ಆ ಹೊತ್ತುಗಳಲ್ಲೇ ಮೆಲ್ಲಗೆ ನುಡಿಸುವ ಆ ಹದ ಅವನ ಬೆರಳಿಗೆ ಹತ್ತಿತೋ ಏನೋ. ಹಾಗೆಂದುಕೊಳ್ಳುವುದು ನನಗೆ ಇಷ್ಟ. ಆ ಹುಡುಗನ ಕೈಯಲ್ಲಿ ಅದನ್ನು ನೀನು ಉಳಿಸಿಕೊಟ್ಟೆ. ಅದಕ್ಕೆ ನಮಸ್ಕಾರ.

ಅವಲಾನ್ ಇರುವ ಜಾಗವೂ ಈ ನುಡಿಸಾಣಿಕೆಯಲ್ಲಿ ಸೇರಿದೆ ಎಂದು ನಾನು ನಂಬುತ್ತೇನೆ. ಮಿಸ್ಸಿಸ್ಸಿಪ್ಪಿಯ ಡೆಲ್ಟಾ ಎಂದರೆ ಕಣ್ಣು ಹರಿಯುವಷ್ಟು ದೂರ ಚಪ್ಪಟೆಯಾದ ಹತ್ತಿ ನೆಲ. ಬ್ಲೂಸ್ ಎಂಬ ಕಪ್ಪು ಜನರ ಹಾಡುಗಾರಿಕೆಯ ದೊಡ್ಡ ಹೆಸರುಗಳು ಅಲ್ಲಿಂದ ಬಂದವು: ಚಾರ್ಲಿ ಪ್ಯಾಟನ್, ಸನ್ ಹೌಸ್, ರಾಬರ್ಟ್ ಜಾನ್ಸನ್. ಅವರದು ಗಂಟಲು ಹರಿಯುವ ಹಾಡಿಕೆ, ತಂತಿಯ ಮೇಲೆ ಗಾಜು ಅಥವಾ ಲೋಹ ಜಾರಿಸಿ ಗಿಟಾರನ್ನು ಅಳಿಸುವ ನುಡಿಸಾಣಿಕೆ. ಅವಲಾನ್ ಇರುವುದು ಆ ಬಯಲು ಮುಗಿದು ಗುಡ್ಡಗಳು ಶುರುವಾಗುವ ಅಂಚಿನಲ್ಲಿ, ಕ್ಯಾರಲ್ ಕೌಂಟಿಯಲ್ಲಿ. ಹರ್ಟ್ ಅವರ ಹಾಡುಗಳಲ್ಲಿ ಎಷ್ಟೋ ಹಾಡುಗಳು ಒಂದು ಸಾಲನ್ನು ಎರಡು ಸಲ ಹೇಳಿ ಮೂರನೆಯದರಲ್ಲಿ ಉತ್ತರ ಕೊಡುವ ಬ್ಲೂಸ್ ಕಟ್ಟಿಗೆ ಕೂರುವುದೇ ಇಲ್ಲ. ಬ್ಲೂಸ್ ಎಂಬ ಹೆಸರು ಹಬ್ಬುವುದಕ್ಕೆ ಮುಂಚಿನ ಕಥನಗೀತೆಗಳು, ಕುಣಿತದ ಮಟ್ಟುಗಳು, ಚರ್ಚಿನ ಹಾಡುಗಳು ಎಲ್ಲ ಅವರ ಹತ್ತಿರ ಕೂಡಿಕೊಂಡು ಬಾಳುತ್ತವೆ. ಶನಿವಾರದ ರಾತ್ರಿಯ ಕುಣಿತಕ್ಕೂ ಭಾನುವಾರದ ಬೆಳಗಿನ ಪ್ರಾರ್ಥನೆಗೂ ಅವರ ಬೆರಳು ಒಂದೇ.

ಈಗ ದೂರು.

1928ರಲ್ಲಿ ನೀನು ಅವರಿಗೊಂದು ಬಾಗಿಲು ತೆರೆದೆ. ಅವಲಾನ್ ಸುತ್ತಲಿನ ಕುಣಿತಗಳಲ್ಲಿ ವಿಲ್ಲಿ ನಾರ್ಮೋರ್ ಎಂಬ ಬಿಳಿಯ ಪಿಟೀಲು ವಾದಕರ ಜೊತೆ ಹರ್ಟ್ ಕೆಲವೊಮ್ಮೆ ನುಡಿಸುತ್ತಿದ್ದರು. ಓಕೇ ರೆಕಾರ್ಡ್ ಕಂಪನಿಯ ಟಾಮಿ ರಾಕ್‌ವೆಲ್ ಊರಿಗೆ ಬಂದಾಗ ನಾರ್ಮೋರ್ ಇವರ ಹೆಸರು ಹೇಳಿದರು. ಫೆಬ್ರವರಿಯಲ್ಲಿ ಮೆಂಫಿಸ್‌ನಲ್ಲಿ ಧ್ವನಿಮುದ್ರಣ. ದೊಡ್ಡ ಹಾಲಿನಲ್ಲಿ ಇವರನ್ನು ಕುರ್ಚಿಯ ಮೇಲೆ ಕೂರಿಸಿ, ಮೈಕನ್ನು ಬಾಯಿಯ ಹತ್ತಿರಕ್ಕೇ ತಂದಿಟ್ಟು, ತಲೆ ಅಲ್ಲಾಡಿಸಕೂಡದು ಎಂದರಂತೆ. ಆಮೇಲೆ ಎಷ್ಟೋ ದಿನ ಕತ್ತು ನೋಯುತ್ತಿತ್ತು ಎಂದು ಹರ್ಟ್ ಮುಂದೆ ನೆನೆಸಿಕೊಂಡಿದ್ದಾರೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿಗೆ ಕರೆಸಿ ಇನ್ನಷ್ಟು ಹಾಡಿಸಿದರು. ಆ ಮಹಾನಗರದಲ್ಲಿ ಊರಿನ ನೆನಪು ಹತ್ತಿ ಅವರು ಕಟ್ಟಿದ ಹಾಡೇ ‘ಅವಲಾನ್ ಬ್ಲೂಸ್’.

ಅಷ್ಟೇ. 1929ರಲ್ಲಿ ಶೇರುಪೇಟೆ ಕುಸಿಯಿತು, ಮಹಾಕುಸಿತದಲ್ಲಿ ಜನ ಹೊಟ್ಟೆಗೆ ಹುಡುಕುವಾಗ ರೆಕಾರ್ಡು ಕೊಳ್ಳುವವರು ಯಾರು? ಹರ್ಟ್ ಅವಲಾನ್‌ಗೆ ಮರಳಿ ಹೊಲಕ್ಕಿಳಿದರು. ಅಲ್ಲಿಂದ ಮುಂದೆ 35 ವರ್ಷ ಹೊರಜಗತ್ತಿನ ಯಾರೂ ಅವರನ್ನು ಹುಡುಕಿಕೊಂಡು ಬರಲಿಲ್ಲ.

ಕಾದವರಿಗೆ ಫಲ ಸಿಕ್ಕಿತು, ದೇವರ ಮನೆಯಲ್ಲಿ ತಡವಾದರೂ ಕತ್ತಲಿಲ್ಲ ಎಂದು ಹರ್ಟ್ ಅವರ ಕಥೆಯನ್ನು ಹೇಳುವವರುಂಟು. ಆ ಮಾತನ್ನು ನಾನು ಒಪ್ಪಲಾರೆ, ಒಡೆಯಾ. ಆ 35 ವರ್ಷಗಳಿಗಾಗಿ ನಿನ್ನನ್ನು ಹೊಗಳಲಾರೆ. ಅವರು ಕಾದಿರಲಿಲ್ಲ. ದುಡಿದಿದ್ದರು. ಇನ್ನೊಬ್ಬರ ನೆಲವನ್ನು ಪಾಲಿಗೆ ಹಿಡಿದು ಮಾಡುವ ಒಕ್ಕಲುತನ ಏನೆಂದು ನಮ್ಮ ಹಳ್ಳಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀಜ, ಗೊಬ್ಬರ, ಹೇಸರಗತ್ತೆ, ತಿನ್ನುವ ಕಾಳು ಎಲ್ಲ ಧಣಿಯ ಸಾಲದಲ್ಲಿ. ಸುಗ್ಗಿಯ ಕೊನೆಗೆ ಲೆಕ್ಕದ ಪುಸ್ತಕವೂ ಧಣಿಯ ಕೈಯಲ್ಲಿ. ಹತ್ತಿ ಬೆಳೆಯುವ ದಕ್ಷಿಣದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಮುಗಿದ ಮೇಲೆ ಕಪ್ಪು ಜನರನ್ನು ಹೊಲಕ್ಕೆ ಕಟ್ಟಿಹಾಕಿದ್ದು ಈ ಪಾಲಿನ ಸಾಲ. ಅದರ ಮೇಲೆ ಜಿಮ್ ಕ್ರೋ ಕಾನೂನುಗಳು: ಶಾಲೆ ಬೇರೆ, ಬಸ್ಸಿನ ಸೀಟು ಬೇರೆ, ನೀರಿನ ನಲ್ಲಿ ಬೇರೆ, ಮತ ಹಾಕಲು ಹೋದರೆ ಕೆಲಸವೂ ಹೋದೀತು, ಜೀವವೂ ಹೋದೀತು.

ರೆಕಾರ್ಡ್ ಕಂಪನಿಯ ಪಟ್ಟಿಯಲ್ಲೂ ಅದೇ ಗೆರೆ. ಕುಣಿತದ ಮನೆಯಲ್ಲಿ ನಾರ್ಮೋರ್ ಮತ್ತು ಹರ್ಟ್ ಒಂದೇ ಮೂಲೆಯಲ್ಲಿ ಕೂತು ನುಡಿಸಿದ್ದರು. ಓಕೇ ಕಂಪನಿಯ ಕ್ಯಾಟಲಾಗ್‌ಗೆ ಬಂದಾಗ ಒಬ್ಬರನ್ನು ಬಿಳಿಯರಿಗೆ ಮಾರುವ ಸಾಲಿನಲ್ಲಿ, ಇನ್ನೊಬ್ಬರನ್ನು ಕಪ್ಪು ಜನರಿಗೆ ಮಾರುವ ‘ರೇಸ್ ರೆಕಾರ್ಡ್ಸ್’ ಸಾಲಿನಲ್ಲಿ ಹಾಕಿದರು. ಆ ಬೆರಳುಗಳಿಗೆ ಇಲ್ಲದ ಗೋಡೆಯನ್ನು ಮಾರುಕಟ್ಟೆ ಕಟ್ಟಿತು. ಇದು ವಿಧಿಯ ಕೆಲಸವಲ್ಲ, ಜನರ ಕೆಲಸ. ಜನರು ಮಾಡಿದ ಅನ್ಯಾಯವನ್ನು ನಿನ್ನ ಲೀಲೆ ಎಂದು ಕರೆದು ಕೈ ತೊಳೆದುಕೊಳ್ಳುವ ಬುದ್ಧಿಯಿಂದ ನನ್ನನ್ನು ಕಾಪಾಡು.

1955ರ ಆಗಸ್ಟ್‌ನಲ್ಲಿ, ಅವಲಾನ್‌ನಿಂದ ಬಹುದೂರವಲ್ಲದ ಮನಿ ಎಂಬ ಊರಿಗೆ ಷಿಕಾಗೋದಿಂದ ನೆಂಟರ ಮನೆಗೆ ಬಂದಿದ್ದ 14 ವರ್ಷದ ಹುಡುಗ ಎಮ್ಮೆಟ್ ಟಿಲ್‌ನನ್ನು ಕೊಂದು ನದಿಗೆ ಎಸೆದರು. ಬಿಳಿಯರೇ ತುಂಬಿದ್ದ ಜ್ಯೂರಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಆ ನೆಲದಲ್ಲಿ ಜಾನ್ ಹರ್ಟ್ ದನ ನೋಡಿಕೊಂಡು, ಹೊಲ ಗೇಯ್ದುಕೊಂಡು ಬದುಕಿದ್ದರು. ಅವರ ದನಿಯ ಮೃದುತನವನ್ನು ಮೆಚ್ಚುವಾಗ ಇದು ನನ್ನ ತಲೆಯಿಂದ ಇಳಿಯದಿರಲಿ. ಅದನ್ನು ತಗ್ಗಿಬಗ್ಗಿದ ಮುದುಕನ ಸಾಧುತನ ಎಂದುಕೊಳ್ಳುವವರು ಹಾಡುಗಳನ್ನು ಪೂರ್ತಿ ಕೇಳಿಲ್ಲ.

‘ಸ್ಪೈಕ್ ಡ್ರೈವರ್ಸ್ ಬ್ಲೂಸ್’ ಕೇಳು. ರೈಲು ಹಳಿಗೆ ಮೊಳೆ ಹೊಡೆಯುವವನ ಹಾಡು ಅದು. ಹರ್ಟ್ ಸ್ವತಃ ಕೆಲವು ತಿಂಗಳು ರೈಲು ಹಳಿಯ ಕೂಲಿ ಮಾಡಿದ್ದರು, ಹಾಡನ್ನು ಕಲಿತದ್ದು ಹಳಿ ಕೆಲಸದವರಿಂದಲೇ. ಅಮೆರಿಕದಲ್ಲಿ ಜಾನ್ ಹೆನ್ರಿಯ ಕಥೆ ಎಲ್ಲರಿಗೂ ಗೊತ್ತು: ಬಂಡೆ ಕೊರೆಯುವ ಕಪ್ಪು ಕೂಲಿಯವನು ಆವಿಯಂತ್ರದ ಜೊತೆ ಪಂದ್ಯ ಕಟ್ಟುತ್ತಾನೆ, ಯಂತ್ರವನ್ನು ಸೋಲಿಸುತ್ತಾನೆ, ಸುತ್ತಿಗೆ ಕೈಯಲ್ಲಿರುವಂತೆಯೇ ಸಾಯುತ್ತಾನೆ. ಆ ಸಾವನ್ನು ಮೆರೆಸುವ ಹಾಡುಗಳಿಗೆ ಲೆಕ್ಕವಿಲ್ಲ. ಜಾನ್ ಹರ್ಟ್ ಹಾಡುವ ಆಳು ಬೇರೆ. ಜಾನ್ ಹೆನ್ರಿಯನ್ನು ಕೊಂದ ಸುತ್ತಿಗೆ ತನ್ನನ್ನು ಕೊಲ್ಲಬೇಕಾಗಿಲ್ಲ ಎಂದು ಅವನು ತೀರ್ಮಾನಿಸಿದ್ದಾನೆ. ಸುತ್ತಿಗೆಯನ್ನು ಮೇಲಿನವನಿಗೆ ವಾಪಸ್ಸು ಕಳಿಸಿ ಮನೆಯ ದಾರಿ ಹಿಡಿಯುತ್ತಾನೆ. ಕಿರುಚುವುದಿಲ್ಲ, ಶಾಪ ಹಾಕುವುದಿಲ್ಲ. ಹೆಬ್ಬೆರಳು ತನ್ನಷ್ಟಕ್ಕೆ ನಡೆಯುತ್ತಿರುತ್ತದೆ, ದನಿ ಊಟಕ್ಕೆ ಕರೆದಷ್ಟೇ ಸಹಜ. ಆದರೆ ಆಡಿದ ಮಾತು ಒಬ್ಬ ಕೂಲಿಯವನು ಧಣಿಗೆ ಹೇಳಬಹುದಾದ ಮಾತುಗಳಲ್ಲೇ ಅತ್ಯಂತ ಗಟ್ಟಿಯಾದದ್ದು. ಈ ಆಲ್ಬಂನಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಈ ಹಾಡಿನ ಹತ್ತಿರ. ಬೇಡ ಎನ್ನುವುದಕ್ಕೂ ಇಷ್ಟು ಶಾಂತವಾದ ದನಿ ಇರಬಲ್ಲದೆಂದು ನನಗೆ ತೋರಿಸಿದ್ದು ಇದು.

‘ಲೂಯಿಸ್ ಕಾಲಿನ್ಸ್’ ಇನ್ನೊಂದು. ಒಂದು ಕೊಲೆಯಾಯಿತು, ಜನ ಮಾತಾಡಿಕೊಳ್ಳುವುದನ್ನು ಕೇಳಿ ಹರ್ಟ್ ಕಟ್ಟಿದ ಹಾಡು. ಹಾಡಿನಲ್ಲಿ ಗುಂಡು ಹಾರುತ್ತದೆ, ಆದರೆ ಹಾಡು ಅಲ್ಲಿ ನಿಲ್ಲುವುದಿಲ್ಲ. ಮಗ ಮನೆ ಬಿಟ್ಟು ಹೋದ ದಿನ ಅಳುವ ತಾಯಿ ಇದ್ದಾಳೆ, ಕೆಂಪು ಬಟ್ಟೆಯುಟ್ಟು ದುಃಖ ಪಡುವ ಊರವರಿದ್ದಾರೆ, ಹೆಣವನ್ನು ಮಣ್ಣಿಗಿಡುವ ದೇವದೂತರಿದ್ದಾರೆ. ಮಟ್ಟು ಮಾತ್ರ ಎಷ್ಟು ಹಿತವೆಂದರೆ ಪದಗಳ ಅರ್ಥ ಹಿಡಿಯದ ಮಗುವೊಂದು ಅದನ್ನು ಕೇಳುತ್ತಾ ನಿದ್ದೆ ಹೋಗಬಹುದು. ಕೊಲೆಯಾದವನ ತಾಯಿಯ ತಲೆ ಸವರುವ ಹಾಡು ಅದು. 1928ರಲ್ಲಿ ಗಂಡಸಿನ ತುಂಬು ದನಿಯಲ್ಲಿ ಒಂದು ಸಲ, ‘ಟುಡೇ!’ಯಲ್ಲಿ ವಯಸ್ಸಾಗಿ ಇನ್ನಷ್ಟು ತೆಳುವಾದ ದನಿಯಲ್ಲಿ ಒಂದು ಸಲ ಹಾಡಿದ್ದಾರೆ. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ಹೆಬ್ಬೆರಳಿಗೆ ವಯಸ್ಸಾಗಿಲ್ಲ ಎನ್ನುವುದು ಗೊತ್ತಾಗುತ್ತದೆ. ಒಡೆಯಾ, ಅದನ್ನು ಹಾಗೆ ಇಟ್ಟದ್ದು ನೀನೇ ಆಗಿದ್ದರೆ ನಿನಗೆ ಶರಣು. ಅವರೇ ಆಗಿದ್ದರೆ ಅವರಿಗೆ.

ಆ ಹೆಬ್ಬೆರಳನ್ನು ಜಗತ್ತು ಹೇಗೆ ಮತ್ತೆ ಕಂಡುಕೊಂಡಿತು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕರು ಹಳೆಯ ರೆಕಾರ್ಡುಗಳಿಂದ 84 ಹಾಡುಗಳನ್ನು ಆಯ್ದು ಒಂದು ಸಂಕಲನ ಮಾಡಿದರು. ಅದರಲ್ಲಿ ಹರ್ಟ್ ಅವರ ಎರಡು ಹಾಡುಗಳಿದ್ದವು. ಕೇಳಿದ ಹೊಸ ತಲೆಮಾರಿನ ಹುಡುಗರು ಇವರೆಲ್ಲ ಯಾವುದೋ ಕಾಲದಲ್ಲಿ ತೀರಿಹೋದವರು ಎಂದೇ ತಿಳಿದರು. ಕೊನೆಗೆ ‘ಅವಲಾನ್ ಬ್ಲೂಸ್’ ಕೈಗೆ ಸಿಕ್ಕಿತು. ಹಾಡಿನಲ್ಲೇ ಊರಿನ ಹೆಸರಿತ್ತು. ಡಿಕ್ ಸ್ಪಾಟ್ಸ್‌ವುಡ್, ಟಾಮ್ ಹಾಸ್ಕಿನ್ಸ್ ಎಂಬಿಬ್ಬರು ಹೊಸ ನಕ್ಷೆಗಳಲ್ಲಿ ಕಾಣದ ಆ ಊರನ್ನು ಹಳೆಯ ಅಟ್ಲಾಸ್ ಒಂದರಲ್ಲಿ ಪತ್ತೆ ಮಾಡಿದರು. 1963ರಲ್ಲಿ ಹಾಸ್ಕಿನ್ಸ್ ಕಾರಿನಲ್ಲಿ ಅಲ್ಲಿಗೆ ಹೋಗಿ ಅಂಗಡಿಯಲ್ಲಿ ವಿಚಾರಿಸಿದರು. ಜಾನ್ ಹರ್ಟ್ ಇದ್ದರು. ಊರಲ್ಲೇ, ಅದೇ ರಸ್ತೆಯಲ್ಲಿ, ಸ್ವಲ್ಪ ಮುಂದೆ.

ಗುರುತಿಲ್ಲದ ಬಿಳಿಯನೊಬ್ಬ ಮನೆ ಬಾಗಿಲಿಗೆ ಬಂದು ತನ್ನ ಹೆಸರು ಹಿಡಿದು ಕೇಳಿದಾಗ ಹರ್ಟ್ ಅವರಿಗೆ ಬಂದ ಮೊದಲ ಯೋಚನೆ ಪೊಲೀಸಿನವರೇನೋ ಎಂದು. ಅದೇ ವರ್ಷ ಹತ್ತಿರದ ಗ್ರೀನ್‌ವುಡ್‌ನಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಹೋರಾಟ ನಡೆದಿತ್ತು. ಜೂನ್ 12ರಂದು ಜಾಕ್ಸನ್‌ನಲ್ಲಿ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಅವರ ಮನೆಯ ಅಂಗಳದಲ್ಲೇ ಗುಂಡಿಟ್ಟು ಕೊಂದರು. ಆ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಹರ್ಟ್ ಅವರ ಹತ್ತಿರ ಆಗ ಸ್ವಂತ ಗಿಟಾರ್ ಕೂಡ ಇರಲಿಲ್ಲ. ಹಾಸ್ಕಿನ್ಸ್ ತಂದಿದ್ದನ್ನೇ ತೆಗೆದುಕೊಂಡು ನುಡಿಸಿದರು.

ಆ ಜುಲೈನಲ್ಲೇ ನ್ಯೂಪೋರ್ಟ್ ಜಾನಪದ ಉತ್ಸವ, ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಧ್ವನಿಮುದ್ರಣ. ಹೆಂಡತಿ ಜೆಸ್ಸಿಯವರೊಂದಿಗೆ ವಾಷಿಂಗ್ಟನ್‌ನಲ್ಲಿ ಮನೆ ಮಾಡಿದರು, ಕಾಲೇಜುಗಳಲ್ಲಿ, ಕಾಫಿಹೌಸ್‌ಗಳಲ್ಲಿ ಹಾಡಿದರು, ಟಿವಿಯಲ್ಲಿ ಕಾಣಿಸಿಕೊಂಡರು. ಅವರಿಗೊಂದು ಗಿಟಾರ್ ಕೊಡಿಸುವ ಮಾತು ಬಂದಾಗ ಅಂಗಡಿಯಲ್ಲಿದ್ದ ಬೆಲೆಬಾಳುವ ವಾದ್ಯಗಳನ್ನು ಬಿಟ್ಟು ಗಿಲ್ಡ್ ಕಂಪನಿಯ ಸಾದಾ ಗಿಟಾರೊಂದನ್ನು ಆರಿಸಿಕೊಂಡರು. ಕಲಿಯಲು ಬಂದ ಹುಡುಗರಿಗೆ ಬೆರಳು ಹಿಡಿದು ತೋರಿಸಿದರು. ಅವರಲ್ಲಿ ಸ್ಟೆಫಾನ್ ಗ್ರಾಸ್‌ಮನ್‌ರಂಥವರು ಅದನ್ನು ಪಾಠವಾಗಿ ಬರೆದು ಹಂಚಿದ್ದರಿಂದ ಇವತ್ತು ಜಗತ್ತಿನ ಯಾವ ಮೂಲೆಯಲ್ಲಾದರೂ ಬೆರಳಿನಿಂದ ಗಿಟಾರ್ ನುಡಿಸುವುದನ್ನು ಕಲಿಯುವವರು ಬೇಗನೆ ಹರ್ಟ್ ಅವರ ಹಾಡೊಂದನ್ನು ಕಲಿಯುತ್ತಾರೆ.

ಇದಕ್ಕೆಲ್ಲ ಸಿಕ್ಕಿದ ಕಾಲ ಮೂರು ವರ್ಷ ಮತ್ತು ಕೆಲವು ತಿಂಗಳು. 35 ವರ್ಷದ ಮೌನಕ್ಕೆ ಇಷ್ಟು. ನಿನ್ನ ತಕ್ಕಡಿಯಲ್ಲಿ ಇದು ಹೇಗೆ ತೂಗುತ್ತದೆ? ನನಗೆ ಉತ್ತರ ಬೇಕಾಗಿದೆ, ಸಮಾಧಾನ ಬೇಕಾಗಿಲ್ಲ.

ಅವರನ್ನು ಸಂತರನ್ನಾಗಿ ಮಾಡಿ ಪೀಠದ ಮೇಲೆ ಕೂರಿಸುವ ಆಸೆಯಿಂದಲೂ ನನ್ನನ್ನು ದೂರವಿಡು. ‘ಕ್ಯಾಂಡಿ ಮ್ಯಾನ್’ ಹಾಡಿನಲ್ಲಿ ಮಿಠಾಯಿಯ ಮಾತು ಮಿಠಾಯಿಯದಲ್ಲ, ತುಂಟ ಮಾತು. ಹಾಡುವಾಗ ಅವರ ದನಿಯೊಳಗಿನ ನಗು ಕೇಳಿಸುತ್ತದೆ. ‘ಕಾಫಿ ಬ್ಲೂಸ್’ನಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಕಾಫಿಯ ಮೇಲಿನ ತಮ್ಮ ಪ್ರೀತಿಯನ್ನು ಮೊದಲು ಮಾತಿನಲ್ಲಿ ಹೇಳಿ ಆಮೇಲೆ ಹಾಡಿಗೆ ಇಳಿಯುತ್ತಾರೆ. ಅಲ್ಲಿ ಬರುವ ಒಂದು ಚಮಚ ಕಾಫಿಯ ಮಾತಿನಿಂದಲೇ ಜಾನ್ ಸೆಬಾಸ್ಟಿಯನ್ ಅವರ ತಂಡಕ್ಕೆ ಲವಿನ್ ಸ್ಪೂನ್‌ಫುಲ್ ಎಂಬ ಹೆಸರು ಬಂತು. ‘ಮೇಕ್ ಮಿ ಎ ಪ್ಯಾಲೆಟ್’ನಲ್ಲಿ ಒಬ್ಬರು ರಾತ್ರಿ ತಂಗಲು ನೆಲದ ಮೇಲೊಂದು ಹಾಸಿಗೆ ಹಾಸಿಕೊಡು ಎಂದು ಕೇಳುತ್ತಾರೆ, ಅದೂ ಮನೆಯ ಗಂಡಸಿಗೆ ಗೊತ್ತಾಗದ ಹಾಗೆ. ಆಸೆಯೂ ದಣಿವೂ ಒಂದೇ ಕೌದಿಯ ಕೆಳಗೆ ಮಲಗುವ ಹಾಡು. ಹಸಿವು, ಚೇಷ್ಟೆ, ಕಾಮ, ಕೂಲಿ, ಸಾವು ಎಲ್ಲವನ್ನೂ ಒಂದೇ ದನಿಯಲ್ಲಿ ಹಾಡುವವರನ್ನು ಬರೀ ಪುಣ್ಯಾತ್ಮ ಎಂದರೆ ಅವರ ಬದುಕಿನ ಅರ್ಧವನ್ನು ಕಿತ್ತುಕೊಂಡಂತೆ.

‘ಟಾಕಿಂಗ್ ಕೇಸಿ’ಯಲ್ಲಿ ಗಿಟಾರೇ ರೈಲಾಗುತ್ತದೆ. ಕೇಸಿ ಜೋನ್ಸ್ ನಿಜವಾಗಿ ಬದುಕಿದ್ದ ಎಂಜಿನ್ ಚಾಲಕ. 1900ರ ಏಪ್ರಿಲ್ 30ರಂದು ಮಿಸ್ಸಿಸ್ಸಿಪ್ಪಿಯ ವಾನ್ ಎಂಬಲ್ಲಿ ಎದುರಿಗೆ ನಿಂತಿದ್ದ ಗೂಡ್ಸ್ ಗಾಡಿಗೆ ಅವನ ರೈಲು ಬಡಿಯಿತು. ಬೆಂಕಿಗೂಡು ನೋಡಿಕೊಳ್ಳುತ್ತಿದ್ದ ಕಪ್ಪು ಸಹೋದ್ಯೋಗಿ ಸಿಮ್ ವೆಬ್‌ಗೆ ಜಿಗಿದುಬಿಡು ಎಂದು ಹೇಳಿ ಕೇಸಿ ಬ್ರೇಕ್ ಹಿಡಿದು ನಿಂತ. ಪ್ರಯಾಣಿಕರು ಉಳಿದರು, ಅವನು ಸತ್ತ. ಹರ್ಟ್ ಈ ಕಥೆಯನ್ನು ಹೇಳುತ್ತಾ ತಂತಿಯ ಮೇಲೆ ಜಾರಿಸಿ ಗಂಟೆ, ಸಿಳ್ಳು, ಗಾಲಿಗಳನ್ನು ನುಡಿಸುತ್ತಾರೆ. ಮಾತನ್ನು ಅರ್ಧಕ್ಕೆ ಬಿಟ್ಟರೆ ಉಳಿದದ್ದನ್ನು ಗಿಟಾರ್ ಹೇಳಿ ಮುಗಿಸುತ್ತದೆ. ಮನೆಯ ಜಗಲಿಯಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೇಳಿದ ಕಥೆಯಂತೆಯೇ ಅದು ದಾಖಲಾಗಿದೆ. ಸ್ಟುಡಿಯೋದಲ್ಲಿ ಯಾರೂ ಅದನ್ನು ತಿದ್ದಿ ನುಣುಪು ಮಾಡದಿದ್ದದ್ದು ನಮ್ಮ ಭಾಗ್ಯ. ಇನ್ನೊಬ್ಬ ವಾದಕನನ್ನು ಪಕ್ಕಕ್ಕೆ ಕೂರಿಸದೆ, ಡ್ರಮ್ ಸೇರಿಸದೆ, ಅವರೊಬ್ಬರನ್ನೇ ಬಿಟ್ಟ ಆ ಮಂದಿಯನ್ನೂ ಹರಸು. ಒಬ್ಬರೇ ಸಾಕು ಎಂದು ಬಿಟ್ಟುಬಿಡುವುದಕ್ಕೂ ಧೈರ್ಯ ಬೇಕು. ನಿನ್ನ ಹೆಸರಿನಲ್ಲಿ ನಾವು ಇವತ್ತು ತುಂಬುವ ಸದ್ದನ್ನು ನೆನೆದರೆ ಆ ಧೈರ್ಯದ ಬೆಲೆ ನನಗೆ ಇನ್ನೂ ಹೆಚ್ಚಾಗಿ ಕಾಣುತ್ತದೆ.

ಆಲ್ಬಂನ ಕೊನೆಯ ಹಾಡು ‘ಬ್ಯೂಲಾ ಲ್ಯಾಂಡ್’. ನಿನ್ನ ಕಡೆಗೆ ನೇರವಾಗಿ ತಿರುಗುವ ಹಾಡು ಇದೊಂದೇ. ಬ್ಯೂಲಾ ಎನ್ನುವ ನಾಡು ಬೈಬಲ್ಲಿನ ಯೆಶಾಯನ ಗ್ರಂಥದಲ್ಲಿ ಬರುತ್ತದೆ, ಜಾನ್ ಬನ್ಯನ್ ಅವರ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನಲ್ಲಿ ಯಾತ್ರಿಕರು ಕೊನೆಯ ಹೊಳೆ ದಾಟುವ ಮುಂಚೆ ದಣಿವಾರಿಸಿಕೊಳ್ಳುವ ಜಾಗ ಅದು. ಹರ್ಟ್ ಅಲ್ಲಿ ತಮ್ಮ ಮನೆಮಂದಿ ಒಬ್ಬೊಬ್ಬರನ್ನೇ ಕಾಣುತ್ತಾರೆ. 1928ರಲ್ಲೂ ಅವರು ಎರಡು ಭಕ್ತಿಗೀತೆಗಳನ್ನು ಹಾಡಿದ್ದರು. ಕುಣಿತದ ಹಾಡು ಹಾಡಿದ ಬಾಯಿ ದೇವರ ಹಾಡು ಹಾಡಬಾರದು ಎಂದು ಎಷ್ಟೋ ಚರ್ಚುಗಳು ಆ ಕಾಲದಲ್ಲಿ ಗೆರೆ ಎಳೆದಿದ್ದವು. ಸನ್ ಹೌಸ್ ಆ ಎರಡರ ನಡುವೆ ಬದುಕಿಡೀ ಹರಿದುಹೋದರು. ಹರ್ಟ್ ಅವರ ಹಾಡಿಕೆಯಲ್ಲಿ ಅಂಥ ಬಿರುಕೇ ಕೇಳಿಸುವುದಿಲ್ಲ. ಕಾಫಿಯ ಹಾಡಿಗೂ ಬ್ಯೂಲಾ ಹಾಡಿಗೂ ನಡೆ ಒಂದೇ, ಮೈಮರೆವು ಒಂದೇ. ಗಂಟೆ ಹೊಡೆದು, ಮಡಿ ಉಟ್ಟು ಮಾತ್ರ ನಿನ್ನ ಹತ್ತಿರ ಬರಬೇಕೆಂದು ನನಗೆ ಕಲಿಸಿದವರಿದ್ದಾರೆ. ಹನ್ನೊಂದು ಹಾಡು ಲೋಕಕ್ಕೆ, ಹನ್ನೆರಡನೆಯದು ನಿನಗೆ, ಎಲ್ಲಕ್ಕೂ ಅದೇ ಮೂರು ಬೆರಳು ಎನ್ನುವ ಈ ಪೂಜೆಯನ್ನು ನೀನು ಒಪ್ಪಿರುತ್ತೀಯೆಂಬುದರಲ್ಲಿ ನನಗೆ ಸಂಶಯವಿಲ್ಲ.

1966ರಲ್ಲಿ ಹರ್ಟ್ ಮಿಸ್ಸಿಸ್ಸಿಪ್ಪಿಗೆ ಮರಳಿದ್ದರು. ಅದೇ ವರ್ಷದ ನವೆಂಬರ್ 2ರಂದು ಗ್ರೆನಡಾದಲ್ಲಿ ತೀರಿಕೊಂಡರು. ಅವಲಾನ್ ಹತ್ತಿರ ಮಣ್ಣು ಮಾಡಿದ್ದಾರೆ. ಅವರು ಬದುಕಿದ್ದ ಪುಟ್ಟ ಮನೆಯನ್ನು ಮೊಮ್ಮಗಳು ಜತನ ಮಾಡಿ ಮ್ಯೂಸಿಯಂ ಮಾಡಿಸಿದ್ದರು. 2024ರ ಫೆಬ್ರವರಿಯಲ್ಲಿ ಅದು ಬೆಂಕಿಗೆ ಸುಟ್ಟುಹೋಯಿತು. ಇದನ್ನೂ ನನ್ನ ದೂರಿನಲ್ಲಿ ಸೇರಿಸಿಕೋ.

ಹಾಡು ಉಳಿಯಿತು. ಆ ಉಳಿವಿನ ಹಿಂದೆ ಯಾರ್ಯಾರ ಕೈ ಇದೆ ಎಂದು ನೆನೆಯುತ್ತೇನೆ: ಹೆಸರು ಹೇಳಿದ ನಾರ್ಮೋರ್, ಹಳೆಯ ರೆಕಾರ್ಡನ್ನು ಗುಜರಿಗೆ ಹಾಕದೆ ಇಟ್ಟುಕೊಂಡ ಹೆಸರಿಲ್ಲದ ಮನೆಗಳು, ಅಟ್ಲಾಸ್ ಬಿಡಿಸಿ ನೋಡಿದ ಇಬ್ಬರು, ದಾರಿ ತೋರಿಸಿದ ಅಂಗಡಿಯವರು. ಇವರಲ್ಲಿ ಒಬ್ಬರು ಅಸಡ್ಡೆ ಮಾಡಿದ್ದರೂ ಈ ಹನ್ನೆರಡು ಹಾಡುಗಳು ಇರುತ್ತಿರಲಿಲ್ಲ. ಅಸಡ್ಡೆಯಿಂದ ಎಷ್ಟು ಜನರ ಹಾಡು ಮಣ್ಣಾಗಿದೆಯೋ ನಿನಗೆ ಗೊತ್ತು. ಅವಲಾನ್ ಹೆಸರನ್ನು ಹಾಡಿನೊಳಗೆ ಇಡದಿದ್ದ ಎಷ್ಟೋ ಜಾನ್‌ಗಳು ಆ ಗುಡ್ಡಗಳ ಅಂಚಿನಲ್ಲೇ ಯಾರಿಗೂ ಕೇಳಿಸದೆ ಹೋಗಿರಬೇಕು. ಅವರ ಹಾಡು ನಿನ್ನ ಕಿವಿಯಲ್ಲಾದರೂ ಇದೆಯೇ? ಇದ್ದರೆ ಕಾಪಾಡಿಕೊಂಡಿರು.

ನನಗಾಗಿ ಕೇಳುವುದು ಹೆಚ್ಚೇನಿಲ್ಲ. ಕೂಗುವವರ ನಡುವೆ ಕೂಗದವರನ್ನು ಕೇಳಿಸಿಕೊಳ್ಳುವ ಕಿವಿ ಕೊಡು. ಬೇಡ ಎನ್ನಬೇಕಾದಾಗ ಆ ಹಳಿ ಕೆಲಸದವನ ಹಾಗೆ, ದನಿ ಏರಿಸದೆ, ಆದರೆ ಸುತ್ತಿಗೆಯನ್ನು ಕೆಳಗಿಟ್ಟೇ ಹೇಳುವ ಗಟ್ಟಿತನ ಕೊಡು. ಬಡತನದಲ್ಲಿ ಅರಳಿದ ಕಲೆಯನ್ನು ಮೆಚ್ಚುತ್ತಾ ಬಡತನವನ್ನೇ ಮೆಚ್ಚಿಬಿಡುವ ಕ್ರೌರ್ಯ ನನ್ನಲ್ಲಿ ಎಂದೂ ಬಾರದಿರಲಿ.

ಇದನ್ನು ಓದುತ್ತಿರುವ ನಿಮ್ಮಲ್ಲೂ ಒಂದು ಬೇಡಿಕೆ ಇದೆ. ‘ಟುಡೇ!’ ಈಗಲೂ ಸಿಗುತ್ತದೆ, ಕೇಳಿ. ಮೊದಲು ‘ಸ್ಪೈಕ್ ಡ್ರೈವರ್ಸ್ ಬ್ಲೂಸ್’, ಆಮೇಲೆ ‘ಲೂಯಿಸ್ ಕಾಲಿನ್ಸ್’. ನಿಮ್ಮ ಊರಿನಲ್ಲಿ ಒಬ್ಬರೇ ಕೂತು ಹಾಡುವ ಹಿರಿಯರಿದ್ದರೆ ಅವರ ಮನೆಗೆ ಹೋಗಿ. ಅವರು ಒಪ್ಪಿದರೆ ಫೋನಿನಲ್ಲಿ ಹಾಡನ್ನು ಮುದ್ರಿಸಿಕೊಳ್ಳಿ, ಹಾಡಿದವರ ಹೆಸರು, ಊರು, ತಾರೀಖನ್ನು ತಪ್ಪಿಲ್ಲದೆ ಬರೆದಿಡಿ. ಹಾಡಿದ್ದಕ್ಕೆ ಅವರ ಕೈಗೆ ಹಣ ಕೊಡಿ.